ಸಂಸ್ಥೆಗಳ ಇಂಟ್ರಾನೆಟ್ ಬಳಕೆ: ಗ್ರಾಮ ಪಂಚಾಯತಿಗಳು ಕಲಿಯಬಹುದಾದ ಪಾಠಗಳು

ಗ್ರಾಮ ಪಂಚಾಯತಿ ಚುನಾಯಿತ ಪ್ರತಿನಿಧಿಗಳ ತರಬೇತಿಗಾಗಿ ಸಿದ್ಧಪಡಿಸಿದ ಉಪನ್ಯಾಸದ ಪಠ್ಯ



ಗ್ರಾಮ ಪಂಚಾಯತಿ ಕಚೇರಿಯ ಬಾಗಿಲಲ್ಲಿ ಒಬ್ಬ ವೃದ್ಧೆ ನಿಂತಿದ್ದಾರೆಂದು ಭಾವಿಸೋಣ. ಮಳೆಗೆ ಬಿದ್ದ ಮನೆಯನ್ನು ವಸತಿ ಯೋಜನೆಯಡಿ ಕಟ್ಟಿಸಿಕೊಳ್ಳುತ್ತಿರುವವರು ಅವರು. ತಳಪಾಯ ಮುಗಿದಿದೆ, ಗೋಡೆ ಎದ್ದಿದೆ, ಮುಂದಿನ ಕಂತು ಮಾತ್ರ ಬಂದಿಲ್ಲ. “ನಮ್ಮ ಮನಿ ಬಿಲ್ಲು ಎಲ್ಲಿಗೆ ಬಂತ್ರಿ?” ಎಂದು ತಮ್ಮ ವಾರ್ಡಿನ ಸದಸ್ಯರನ್ನು ಕೇಳುತ್ತಾರೆ. ಸದಸ್ಯರು ಒಳಗೆ ಹೋಗಿ ವಿಚಾರಿಸುತ್ತಾರೆ. “ಸರ್ವರ್ ಇಲ್ರಿ, ನಾಳೆ ಬರ್ರಿ” ಎಂಬ ಉತ್ತರ ದೊರೆಯುತ್ತದೆ. ಆ ಮಾತು ನಿಜವೇ ಇರಬಹುದು. ಆದರೆ ವೃದ್ಧೆ ಬಯಸುವ ಮಾಹಿತಿ ಅದೇ ಕೋಣೆಯ ಗಣಕಯಂತ್ರದಿಂದ ನೋಡಬಹುದಾದಷ್ಟು ಸಮೀಪದಲ್ಲಿದೆ. ಯಾವ ಹಂತದ ಛಾಯಾಚಿತ್ರ ಸೇರಿದೆ, ಯಾವುದು ಸೇರಿಲ್ಲ, ಹಣ ಯಾವ ಮೇಜಿನಲ್ಲಿ ನಿಂತಿದೆ ಎಂಬುದೆಲ್ಲ ಅಲ್ಲಿ ದಾಖಲಾಗಿರುತ್ತದೆ. ಮಾಹಿತಿ ಇದ್ದೂ ಬೇಕಾದವರ ಕೈಗೆ ಸಿಗದಿರುವ ಈ ಅಂತರವೇ ಇಂದಿನ ವಿಷಯ. ಇದೇ ತೊಂದರೆಯನ್ನು ದೊಡ್ಡ ವ್ಯಾಪಾರಿ ಸಂಸ್ಥೆಗಳೂ ಎದುರಿಸಿವೆ. ಅವು ಏನು ಮಾಡಿದವು, ಎಲ್ಲಿ ಎಡವಿದವು, ಹೇಗೆ ತಿದ್ದಿಕೊಂಡವು ಎಂಬುದನ್ನು ಅರಿತರೆ ಪಂಚಾಯತಿಯ ಕೆಲಸಕ್ಕೂ ಪ್ರಯೋಜನವಾಗುವುದು.

ಇಂಟ್ರಾನೆಟ್ ಎಂದರೇನು

ಒಂದು ಸಂಸ್ಥೆಯ ಸಿಬ್ಬಂದಿಗೆ ಮಾತ್ರ ಪ್ರವೇಶವಿರುವ ಗಣಕ ಜಾಲಕ್ಕೆ ಇಂಟ್ರಾನೆಟ್ ಅಥವಾ ಆಂತರಿಕ ಜಾಲ ಎಂದು ಹೆಸರು. ಇಂಟರ್‌ನೆಟ್ಟನ್ನು ಎಲ್ಲರೂ ಓಡಾಡುವ ಹೆದ್ದಾರಿಗೆ ಹೋಲಿಸಿದರೆ, ಇಂಟ್ರಾನೆಟ್ ವಾಡೆಯೊಳಗಿನ ಅಂಗಳವಿದ್ದಂತೆ. ಅಂಗಳಕ್ಕೆ ಬಾಗಿಲಿದೆ, ಬಾಗಿಲಿಗೆ ಕೀಲಿಯಿದೆ. ಒಳಗಿರುವವರು ಅಲ್ಲಿ ಕುಳಿತು ಮನೆಯ ಲೆಕ್ಕಾಚಾರ ಮಾತಾಡಿಕೊಳ್ಳುತ್ತಾರೆ. ಈ ಪದ 1990ರ ದಶಕದ ನಡುಭಾಗದಲ್ಲಿ ಬಳಕೆಗೆ ಬಂದಿತು.

ಪದ ಹೊಸದಾದರೂ ಕಲ್ಪನೆ ಹುಬ್ಬಳ್ಳಿ ಸೀಮೆಗೆ ಹೊಸತಲ್ಲ. ರೈಲ್ವೆ ಇಲಾಖೆ ಮೊದಲಿನಿಂದಲೂ ನಿಲ್ದಾಣಗಳ ನಡುವೆ ತನ್ನದೇ ತಂತಿ ಹಾಗೂ ದೂರವಾಣಿ ವ್ಯವಸ್ಥೆಯನ್ನು ಇಟ್ಟುಕೊಂಡಿದೆ. ಗಾಡಿ ಯಾವ ನಿಲ್ದಾಣ ಬಿಟ್ಟಿತು, ಮುಂದಿನ ಹಳಿ ಖಾಲಿ ಇದೆಯೇ ಎಂಬ ವಿಷಯವನ್ನು ಸ್ಟೇಷನ್ ಮಾಸ್ತರರು ಕಂಟ್ರೋಲ್ ಕಚೇರಿಯೊಂದಿಗೆ ಆ ಜಾಲದಲ್ಲೇ ಮಾತಾಡುತ್ತ ಬಂದಿದ್ದಾರೆ. ಗಣಕಯಂತ್ರಗಳ ಕಾಲ ಬಂದ ಮೇಲೆ ರೈಲ್ವೆಯು ‘ರೈಲ್‌ನೆಟ್’ ಎಂಬ ಆಂತರಿಕ ಜಾಲವನ್ನು ರೂಪಿಸಿಕೊಂಡಿತು. 2003ರಿಂದ ಹುಬ್ಬಳ್ಳಿಯನ್ನು ಕೇಂದ್ರಸ್ಥಾನವಾಗಿ ಹೊಂದಿರುವ ನೈರುತ್ಯ ರೈಲ್ವೆಗೆ ಹುಬ್ಬಳ್ಳಿ, ಬೆಂಗಳೂರು, ಮೈಸೂರು ಎಂಬ ಮೂರು ವಿಭಾಗಗಳಿವೆ. ಇಷ್ಟು ವಿಸ್ತಾರವಾದ ಸಂಸ್ಥೆಯಲ್ಲಿ ಒಂದು ತಪ್ಪು ಮಾಹಿತಿ ಜೀವಹಾನಿಗೆ ಕಾರಣವಾಗಬಲ್ಲದು. ಆದ್ದರಿಂದಲೇ ಅಲ್ಲಿ ಮಾಹಿತಿಯನ್ನು ಯಾರು ಕೊಡಬೇಕು, ಯಾರು ಪಡೆಯಬೇಕು, ಯಾವ ಪುಸ್ತಕದಲ್ಲಿ ಬರೆಯಬೇಕು ಎಂಬುದು ಮೊದಲೇ ಗೊತ್ತಾಗಿರುತ್ತದೆ. ಇಂಟ್ರಾನೆಟ್ಟಿನ ಮೊದಲ ಪಾಠ ಇದೇ ಆಗಿದೆ.

ಪಂಚಾಯತಿಗೂ ಆಂತರಿಕ ಜಾಲವಿದೆ

ಬಹುತೇಕ ಸದಸ್ಯರು ‘ಇಂಟ್ರಾನೆಟ್’ ಎಂಬ ಪದವನ್ನು ಬಳಸದಿದ್ದರೂ ಗ್ರಾಮ ಪಂಚಾಯತಿಯ ದಿನನಿತ್ಯದ ಆಡಳಿತ ಈಗಾಗಲೇ ಅಂಥ ಜಾಲಗಳ ಮೇಲೆಯೇ ನಡೆಯುತ್ತಿದೆ. ತೆರಿಗೆ ಬೇಡಿಕೆ ಮತ್ತು ವಸೂಲಾತಿ, ಲೆಕ್ಕಪತ್ರ, ಸಿಬ್ಬಂದಿ ವಿವರ, ಸಭೆಯ ನಡಾವಳಿ ಇವು ‘ಪಂಚತಂತ್ರ’ ತಂತ್ರಾಂಶದಲ್ಲಿವೆ. ಆಸ್ತಿಗಳ ನಮೂನೆ 9 ಮತ್ತು 11 ‘ಇ-ಸ್ವತ್ತು’ ಮೂಲಕ ಹೊರಬರುತ್ತವೆ. ಕೇಂದ್ರ ಹಣಕಾಸು ಆಯೋಗದ ಅನುದಾನದ ಯೋಜನೆ ಮತ್ತು ಲೆಕ್ಕ 2020ರ ಏಪ್ರಿಲ್ 24ರಂದು ಲೋಕಾರ್ಪಣೆಗೊಂಡ ‘ಇ-ಗ್ರಾಮ ಸ್ವರಾಜ್’ನಲ್ಲಿ ದಾಖಲಾಗುತ್ತವೆ. ಸರ್ಕಾರಿ ಕಚೇರಿಗಳನ್ನು ಬೆಸೆಯಲು ಕೆ-ಸ್ವಾನ್ ಎಂಬ ರಾಜ್ಯದ ಸ್ವಂತ ಜಾಲವಿದೆ. ಗ್ರಾಮ ಪಂಚಾಯತಿಗಳಿಗೆ ಆಪ್ಟಿಕಲ್ ಫೈಬರ್ ತಲುಪಿಸುವ ಭಾರತ್‌ನೆಟ್ ಯೋಜನೆಯಿದೆ. ಇವೆಲ್ಲವುಗಳ ಒಂದು ಭಾಗ ಸಾರ್ವಜನಿಕರಿಗೆ ಕಾಣುತ್ತದೆ. ಇನ್ನೊಂದು ಭಾಗ ಲಾಗಿನ್ ಇದ್ದವರಿಗೆ ಮಾತ್ರ ತೆರೆಯುತ್ತದೆ. ಆ ಎರಡನೆಯ ಭಾಗವೇ ಪಂಚಾಯತಿಯ ಇಂಟ್ರಾನೆಟ್.

ಕಂಪನಿಗಳು ಯಾವ ಕೆಲಸಕ್ಕೆ ಬಳಸುತ್ತವೆ

ಕಂಪನಿಗಳ ಇಂಟ್ರಾನೆಟ್ ಮುಖ್ಯವಾಗಿ ನಾಲ್ಕು ಕೆಲಸಗಳನ್ನು ನಿರ್ವಹಿಸುತ್ತದೆ. ಒಂದು, ಸುತ್ತೋಲೆ ಮತ್ತು ನಿಯಮಾವಳಿಗಳನ್ನು ಒಂದೇ ಕಡೆ ಇಡುವುದು. ಎರಡು, ರಜೆಯ ಅರ್ಜಿ, ವೇತನ ಚೀಟಿ, ಪ್ರಯಾಣ ಭತ್ಯೆ ಮುಂತಾದ ವ್ಯವಹಾರಗಳನ್ನು ಕಾಗದವಿಲ್ಲದೆ ಮುಗಿಸುವುದು. ಮೂರು, ಯಾವ ಕೆಲಸಕ್ಕೆ ಯಾರನ್ನು ಕೇಳಬೇಕೆಂದು ತಿಳಿಸುವ ಸಿಬ್ಬಂದಿ ಕೈಪಿಡಿ ಒದಗಿಸುವುದು. ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯ: ಕೆಲಸಗಾರನ ಅನುಭವವನ್ನು ಅವನ ನಿವೃತ್ತಿಯೊಂದಿಗೆ ಕಳೆದುಹೋಗದಂತೆ ಬರೆದಿಡುವುದು.

ಈ ನಾಲ್ಕನೆಯ ಕೆಲಸದ ಬೆಲೆಯನ್ನು ಅರಿಯಲು ದೊಡ್ಡ ಕಂಪನಿಗೆ ಹೋಗಬೇಕಾಗಿಲ್ಲ. ಹಳ್ಳಿಯ ನೀರಗಂಟಿಯನ್ನು ನೆನೆದರೆ ಸಾಕು. ಯಾವ ವಾಲ್ವ್ ತಿರುಗಿಸಿದರೆ ಯಾವ ಓಣಿಗೆ ನೀರು ಹೋಗುತ್ತದೆ, ಹಳೆಯ ಪೈಪು ಯಾರ ಮನೆಯ ಮುಂದೆ ನೆಲದಡಿ ತಿರುವು ಪಡೆದಿದೆ, ಕೊಳವೆಬಾವಿಯ ಮೋಟಾರನ್ನು ಎಷ್ಟು ಅಡಿಯಲ್ಲಿ ಇಳಿಸಲಾಗಿದೆ ಎಂಬುದು ಅನೇಕ ಕಡೆ ಒಬ್ಬನೇ ವ್ಯಕ್ತಿಯ ತಲೆಯಲ್ಲಿದೆ. ಅವನು ಕೆಲಸ ಬಿಟ್ಟ ಮರುವರ್ಷ ಅದೇ ಪೈಪನ್ನು ಹುಡುಕಲು ರಸ್ತೆ ಅಗೆಯಬೇಕಾಗುತ್ತದೆ. ಆ ಖರ್ಚು ಪಂಚಾಯತಿಯ ನಿಧಿಯಿಂದಲೇ ಹೋಗುತ್ತದೆ. ಆ ಜ್ಞಾನವನ್ನು ಒಂದು ನಕ್ಷೆಯಲ್ಲಿ ಬರೆದು ಕಚೇರಿಯ ಗಣಕದಲ್ಲಿಟ್ಟರೆ ಅದು ಊರಿನ ಆಸ್ತಿಯಾಗುತ್ತದೆ.

ಇನ್ಫೋಸಿಸ್ ಸಂಸ್ಥೆಯ ಅನುಭವ

ಈ ವಿಷಯದಲ್ಲಿ ಕರ್ನಾಟಕದ ಸಂಸ್ಥೆಯೊಂದರ ಅನುಭವ ಗಮನಾರ್ಹವಾಗಿದೆ. 1981ರಲ್ಲಿ ಪುಣೆಯಲ್ಲಿ ಆರಂಭವಾಗಿ ನಂತರ ಬೆಂಗಳೂರಿಗೆ ಬಂದ ಇನ್ಫೋಸಿಸ್ ಸಂಸ್ಥೆಗೆ ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲೂ ಆವರಣವಿದೆ. ನೌಕರರ ಸಂಖ್ಯೆ ವೇಗವಾಗಿ ಹೆಚ್ಚುತ್ತಿದ್ದ 1990ರ ದಶಕದಲ್ಲಿ ಒಂದು ತಂಡ ಕಲಿತದ್ದು ಇನ್ನೊಂದು ತಂಡಕ್ಕೆ ತಿಳಿಯುತ್ತಿರಲಿಲ್ಲ. ಒಂದೇ ಸಮಸ್ಯೆಯನ್ನು ಹತ್ತು ಕಡೆ ಹತ್ತು ಬಾರಿ ಬಿಡಿಸುವಂತಾಗಿತ್ತು. ಅದಕ್ಕಾಗಿ ಸಂಸ್ಥೆಯು ನೌಕರರ ಅನುಭವವನ್ನು ಬರೆಯಿಸಿ ಸಂಗ್ರಹಿಸಿತು. ‘ಸ್ಪರ್ಶ್’ ಎಂಬ ಆಂತರಿಕ ಜಾಲವನ್ನೂ ಮುಂದೆ ‘ಕೆ-ಶಾಪ್’ ಎಂಬ ಜ್ಞಾನಭಂಡಾರವನ್ನೂ ನಿರ್ಮಿಸಿತು.

ಭಂಡಾರ ಸಿದ್ಧವಾದರೂ ಅದಕ್ಕೆ ಬರೆಯುವವರು ಕಡಿಮೆ ಇದ್ದರು. ಆಗ 2001ರ ಸುಮಾರಿಗೆ ಒಂದು ಪ್ರೋತ್ಸಾಹಕ ಪದ್ಧತಿ ಜಾರಿಗೆ ಬಂದಿತು. ಬರಹ ಸೇರಿಸಿದವರಿಗೆ, ಪರಿಶೀಲಿಸಿದವರಿಗೆ ಅಂಕಗಳು ದೊರೆಯುತ್ತಿದ್ದವು. ಆ ಅಂಕಗಳನ್ನು ಬಹುಮಾನಕ್ಕೆ ಬದಲಾಯಿಸಿಕೊಳ್ಳಬಹುದಾಗಿತ್ತು. ಫಲವಾಗಿ ಬರಹಗಳ ಸಂಖ್ಯೆ ಥಟ್ಟನೆ ಏರಿತು. ಆದರೆ ಗುಣಮಟ್ಟ ಅದೇ ಪ್ರಮಾಣದಲ್ಲಿ ಏರಲಿಲ್ಲ. ಸಹೋದ್ಯೋಗಿಗಳ ಬರಹಕ್ಕೆ ಧಾರಾಳವಾಗಿ ಅಂಕ ಕೊಡುವ ಪ್ರವೃತ್ತಿ ಕಂಡುಬಂದಿತು. ಹುಡುಕುವವರಿಗೆ ಕಾಳಿಗಿಂತ ಜೊಳ್ಳೇ ಹೆಚ್ಚು ಸಿಗತೊಡಗಿತು. ಸಂಸ್ಥೆ ಇದನ್ನು ಮುಚ್ಚಿಡದೆ ಪದ್ಧತಿಯನ್ನೇ ಬದಲಾಯಿಸಿತು. ಬರಹದ ಸಂಖ್ಯೆಗೆ ಬದಲಾಗಿ, ಅದನ್ನು ಬಳಸಿದವರಿಗೆ ನಿಜವಾಗಿ ಉಪಯೋಗವಾಯಿತೇ ಎಂಬುದಕ್ಕೆ ಮಹತ್ವ ಬಂದಿತು. ಹಣದ ಬಹುಮಾನದ ಪಾಲು ತಗ್ಗಿ, ಮನ್ನಣೆಯ ಪಾಲು ಹೆಚ್ಚಿತು. ನಿರ್ವಹಣಾ ಶಾಸ್ತ್ರದ ವಿದ್ವಾಂಸರು ಈ ಪ್ರಸಂಗವನ್ನು ವಿಸ್ತಾರವಾಗಿ ಅಧ್ಯಯನ ಮಾಡಿದ್ದಾರೆ.

ಇದರ ಸಾರ ಪಂಚಾಯತಿಗೆ ನೇರವಾಗಿ ಅನ್ವಯಿಸುತ್ತದೆ. ‘ಶೇ. 100 ಡಾಟಾ ಎಂಟ್ರಿ ಪೂರ್ಣ’ ಎಂಬ ವರದಿ ಸಂಖ್ಯೆಯನ್ನು ಹೇಳುತ್ತದೆ, ಸತ್ಯವನ್ನಲ್ಲ. ಗಡುವಿನ ಹಿಂದಿನ ರಾತ್ರಿ ಆತುರದಲ್ಲಿ ತುಂಬಿದ ದಾಖಲೆಯಲ್ಲಿ ತಂದೆಯ ಹೆಸರು ತಪ್ಪಾಗಿದ್ದರೆ, ನಿವೇಶನದ ಅಳತೆ ಅಡಿಯ ಬದಲು ಮೀಟರ್ ಆಗಿದ್ದರೆ, ಅದರ ಕಷ್ಟ ಅನುಭವಿಸುವವರು ನಮೂನೆ 9 ಕೇಳಿ ಬಂದ ಗ್ರಾಮಸ್ಥರು. ಆದ್ದರಿಂದ ಎಷ್ಟು ನಮೂದುಗಳಾದವು ಎಂದು ಕೇಳುವ ಸಭೆ, ಅವುಗಳಲ್ಲಿ ಎಷ್ಟನ್ನು ಸ್ಥಳಕ್ಕೆ ಹೋಗಿ ತಾಳೆ ನೋಡಲಾಯಿತು ಎಂದೂ ಕೇಳತಕ್ಕದ್ದು.

ಸುಧಾರಣೆಯ ಕ್ರಮಗಳು

ಉತ್ತಮವಾಗಿ ನಡೆಯುವ ಇಂಟ್ರಾನೆಟ್‌ಗಳನ್ನು ಗಮನಿಸಿದರೆ ಯಂತ್ರ, ತಂತ್ರಾಂಶಗಳಿಗಿಂತ ರೂಢಿಗಳೇ ಅವುಗಳ ಬಲವೆಂದು ತಿಳಿಯುತ್ತದೆ. ಅಂಥ ರೂಢಿಗಳಲ್ಲಿ ಐದನ್ನು ಇಲ್ಲಿ ಹೇಳಬಹುದು.

ಮೊದಲನೆಯದು, ಪ್ರತಿ ಪುಟಕ್ಕೂ ಒಬ್ಬ ಜವಾಬ್ದಾರರಿರುವುದು. ಪುಟದ ಕೆಳಗೆ ಹೊಣೆಗಾರರ ಹೆಸರು ಮತ್ತು ಕೊನೆಯ ಬಾರಿ ಪರಿಶೀಲಿಸಿದ ದಿನಾಂಕ ಇರುತ್ತದೆ. ಎಲ್ಲರಿಗೂ ಸೇರಿದ್ದು ಎಂದರೆ ಯಾರಿಗೂ ಸೇರದ್ದು ಎಂದಾಗುತ್ತದೆ. ಪಂಚಾಯತಿಯಲ್ಲಿಯೂ ತೆರಿಗೆ ವಿವರಕ್ಕೆ ಕರವಸೂಲಿಗಾರರು, ನೀರಿನ ವಿವರಕ್ಕೆ ನೀರಗಂಟಿ, ಲೆಕ್ಕಕ್ಕೆ ಲೆಕ್ಕ ಸಹಾಯಕರು ಎಂದು ಬರವಣಿಗೆಯಲ್ಲಿ ಹಂಚಿಕೆಯಾಗಬೇಕು.

ಎರಡನೆಯದು, ಹಳೆಯದನ್ನು ತೆಗೆಯುವುದು. ರದ್ದಾದ ಸುತ್ತೋಲೆ ಹೊಸದರ ಪಕ್ಕದಲ್ಲೇ ಉಳಿದರೆ ಓದುವವರು ಯಾವುದನ್ನು ನಂಬಬೇಕು? ಕಂಪನಿಗಳು ಹಳೆಯದನ್ನು ಬೇರೆ ಕಪಾಟಿಗೆ ಸೇರಿಸುತ್ತವೆ. ನಾಶಪಡಿಸುವುದಿಲ್ಲ, ಎದುರಿಗೂ ಇಡುವುದಿಲ್ಲ. ಕಚೇರಿಯ ಗೋಡೆಯ ಮೇಲಿನ ಮಾಹಿತಿ ಫಲಕಕ್ಕೂ ಇದೇ ನಿಯಮ. ಹಿಂದಿನ ಅವಧಿಯ ಸದಸ್ಯರ ಹೆಸರು, ವರ್ಗವಾಗಿ ಹೋದ ಅಧಿಕಾರಿಯ ದೂರವಾಣಿ ಸಂಖ್ಯೆ ಫಲಕದಲ್ಲಿದ್ದರೆ ಉಳಿದ ಮಾಹಿತಿಯನ್ನೂ ಜನ ನಂಬುವುದಿಲ್ಲ.

ಮೂರನೆಯದು, ಸಿಗದೇ ಹೋದದ್ದನ್ನು ಲೆಕ್ಕವಿಡುವುದು. ನೌಕರರು ಯಾವ ಪದ ಹಾಕಿ ಹುಡುಕಿದರು, ಯಾವುದಕ್ಕೆ ಉತ್ತರ ದೊರೆಯಲಿಲ್ಲ ಎಂಬುದನ್ನು ಕಂಪನಿಗಳು ನಿಯತವಾಗಿ ನೋಡುತ್ತವೆ. ಉತ್ತರ ದೊರೆಯದ ಪ್ರಶ್ನೆಗಳ ಪಟ್ಟಿಯೇ ಮುಂದಿನ ತಿಂಗಳ ಕೆಲಸದ ಪಟ್ಟಿ. ಬಾಪೂಜಿ ಸೇವಾ ಕೇಂದ್ರದ ಕಿಟಕಿಯಲ್ಲಿ ಇದಕ್ಕೆ ಒಂದು ನೋಟ್ ಪುಸ್ತಕ ಸಾಕು. ಬಂದವರು ಕೇಳಿದ್ದೇನು, ಹಿಂತಿರುಗಿದ ಕಾರಣವೇನು ಎಂದು ಒಂದೊಂದು ಸಾಲು ಬರೆದರೆ, ‘ಸರ್ವರ್ ಇಲ್ಲ’ ಎಂಬ ಉತ್ತರ ತಿಂಗಳಿಗೆ ಎಷ್ಟು ದಿನ ಕೊಡಲಾಯಿತು ಎಂಬುದು ತಾನಾಗಿಯೇ ತಿಳಿಯುತ್ತದೆ. ಆ ಲೆಕ್ಕ ಕೈಯಲ್ಲಿದ್ದರೆ ತಾಲೂಕು ಪಂಚಾಯತಿಗೆ ಬರೆಯುವ ಪತ್ರಕ್ಕೂ ತೂಕ ಬರುತ್ತದೆ.

ನಾಲ್ಕನೆಯದು, ಬಳಸುವವರನ್ನು ಕೂರಿಸಿ ನೋಡುವುದು. ಬಳಕೆಯ ಸುಲಭತೆಯ ಕುರಿತು ಬಹುಕಾಲ ಕೆಲಸ ಮಾಡಿರುವ ಜೇಕಬ್ ನೀಲ್ಸನ್ ಅವರು ಐದು ಮಂದಿಯಿಂದ ಬಳಸಿ ನೋಡಿದರೆ ಹೆಚ್ಚಿನ ತೊಡಕುಗಳು ಗೋಚರಿಸುತ್ತವೆ ಎಂದು 2000ದಲ್ಲಿ ಪ್ರತಿಪಾದಿಸಿದರು. ವೆಚ್ಚವಿಲ್ಲದ ಈ ಪರೀಕ್ಷೆಯನ್ನು ಯಾವ ಗ್ರಾಮ ಪಂಚಾಯತಿಯೂ ಮಾಡಬಹುದು. ಒಬ್ಬ ಸದಸ್ಯೆ, ಒಬ್ಬ ರೈತ, ಒಬ್ಬ ಸ್ವಸಹಾಯ ಸಂಘದ ಪ್ರತಿನಿಧಿ, ಒಬ್ಬ ಪಿಂಚಣಿದಾರರು, ಒಬ್ಬ ಕಾಲೇಜು ವಿದ್ಯಾರ್ಥಿ: ಈ ಐವರು ತಮ್ಮ ಊರಿನ ಒಂದು ಕಾಮಗಾರಿಯ ವಿವರವನ್ನು ತಾವೇ ಹುಡುಕಲಿ. ಪಕ್ಕದಲ್ಲಿರುವವರು ಸಹಾಯ ಮಾಡದೆ ಸುಮ್ಮನೆ ನೋಡಲಿ. ಅವರು ಎಲ್ಲಿ ನಿಲ್ಲುತ್ತಾರೋ ಅಲ್ಲಿಯೇ ದೋಷವಿದೆ, ದೋಷ ಅವರದಲ್ಲ.

ಐದನೆಯದು, ಕೆಲಸ ನಡೆಯುವ ಜಾಗಕ್ಕೆ ಮಾಹಿತಿಯನ್ನು ಒಯ್ಯುವುದು. ಕಾರ್ಖಾನೆಯಲ್ಲಿ ಯಂತ್ರದ ಮುಂದೆ ನಿಂತವರಿಗೆ ಮೇಜೂ ಇಲ್ಲ, ಗಣಕವೂ ಇಲ್ಲ. ಅಂಥವರಿಗಾಗಿ ಸಂಸ್ಥೆಗಳು ಮೊಬೈಲಿನಲ್ಲಿ ತೆರೆಯುವ, ಕಾರ್ಮಿಕರ ಭಾಷೆಯಲ್ಲಿರುವ ಪುಟಗಳನ್ನು ಮಾಡುತ್ತವೆ. ಪಂಚಾಯತಿಯ ಕೆಲಸ ನಡೆಯುವುದು ಓಣಿಯಲ್ಲಿ, ಹೊಲದ ದಾರಿಯಲ್ಲಿ, ಕೆರೆಯ ಏರಿಯ ಮೇಲೆ. ಮೊಬೈಲ್ ಇಲ್ಲದವರಿಗೆ ವಾರ್ಡ್ ಸಭೆಯಲ್ಲಿ ಓದಿ ಹೇಳುವುದೂ ಮಾಹಿತಿ ತಲುಪಿಸುವ ಒಂದು ಮಾರ್ಗವೇ ಆಗಿದೆ.

ವಾಟ್ಸ್‌ಆ್ಯಪ್ ಗುಂಪು ಇಂಟ್ರಾನೆಟ್ ಅಲ್ಲ

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಸುತ್ತೋಲೆಯಿಂದ ಹಿಡಿದು ಫಲಾನುಭವಿಗಳ ಪಟ್ಟಿಯವರೆಗೆ ಎಲ್ಲವನ್ನೂ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಕಳುಹಿಸುವ ರೂಢಿ ಬೆಳೆದಿದೆ. ತುರ್ತು ಸಂದೇಶಕ್ಕೆ ಅದು ಅನುಕೂಲವೇ ಸರಿ. ಆದರೆ ಅಲ್ಲಿ ಕಳುಹಿಸಿದ ನಿರ್ಣಯ ನಾಲ್ಕು ತಿಂಗಳ ನಂತರ ಸಿಗುವುದಿಲ್ಲ. ಫೋನ್ ಕೆಟ್ಟರೆ ದಾಖಲೆಯೂ ಹೋಗುತ್ತದೆ. ಅದಕ್ಕಿಂತ ಗಂಭೀರವಾದ ವಿಷಯವೆಂದರೆ, ಆಧಾರ್ ಕಾರ್ಡ್, ಬ್ಯಾಂಕ್ ಪಾಸ್ ಪುಸ್ತಕಗಳ ಛಾಯಾಚಿತ್ರಗಳು ಗುಂಪಿನಿಂದ ಗುಂಪಿಗೆ ಹರಿದಾಡುತ್ತವೆ. ಬಡವರೊಬ್ಬರ ಖಾತೆಯ ವಿವರ ಅಪರಿಚಿತರ ಕೈಗೆ ಬಿದ್ದರೆ ಆಗುವ ನಷ್ಟವನ್ನು ತುಂಬಿಕೊಡುವವರು ಯಾರು? ವ್ಯಕ್ತಿಗಳ ಡಿಜಿಟಲ್ ಮಾಹಿತಿಯ ರಕ್ಷಣೆಗಾಗಿ ಸಂಸತ್ತು 2023ರಲ್ಲಿ ಪ್ರತ್ಯೇಕ ಅಧಿನಿಯಮವನ್ನೇ ರೂಪಿಸಿದೆ. ಖಾಸಗಿ ದಾಖಲೆಗಳು ಕಚೇರಿಯ ತಂತ್ರಾಂಶದಲ್ಲಿ ಮಾತ್ರ ಇರತಕ್ಕದ್ದು.

ಕಂಪನಿಗೂ ಪಂಚಾಯತಿಗೂ ಇರುವ ಭೇದ

ಕಂಪನಿಗಳಿಂದ ಕಲಿಯುವಾಗ ಒಂದು ಭೇದವನ್ನು ಮರೆಯಬಾರದು. ಕಂಪನಿಯ ಬಾಗಿಲ ಹೊರಗಿರುವವರು ಹೊರಗಿನವರು. ಪಂಚಾಯತಿಯ ಬಾಗಿಲ ಹೊರಗೆ ನಿಂತವರು ಪಂಚಾಯತಿಯ ಒಡೆಯರು. ಕಂಪನಿ ತನ್ನ ಲೆಕ್ಕ, ದರ, ಯೋಜನೆಗಳನ್ನು ಪ್ರತಿಸ್ಪರ್ಧಿಗಳಿಂದ ಕಾಯ್ದುಕೊಳ್ಳುತ್ತದೆ. ಪಂಚಾಯತಿಗೆ ಪ್ರತಿಸ್ಪರ್ಧಿಯಿಲ್ಲ. ಮಾಹಿತಿ ಹಕ್ಕು ಅಧಿನಿಯಮ, 2005ರ 4ನೇ ಪ್ರಕರಣವು ಯಾರೂ ಅರ್ಜಿ ಹಾಕುವ ಮೊದಲೇ ಮಾಹಿತಿಯನ್ನು ತಾನಾಗಿ ಪ್ರಕಟಿಸುವ ಹೊಣೆಯನ್ನು ಸಾರ್ವಜನಿಕ ಪ್ರಾಧಿಕಾರಗಳ ಮೇಲೆ ಹೊರಿಸಿದೆ. ಆದ್ದರಿಂದ ಲಾಗಿನ್ ಒಳಗೆ ಏನಿರಬೇಕು ಎಂಬ ಪ್ರಶ್ನೆಗೆ ಉತ್ತರ ಸ್ಪಷ್ಟವಾಗಿದೆ: ವ್ಯಕ್ತಿಯ ಖಾಸಗಿ ವಿವರ ಒಳಗೆ, ಪಂಚಾಯತಿಯ ನಿರ್ಣಯ ಮತ್ತು ಲೆಕ್ಕ ಹೊರಗೆ. ಹಲವೆಡೆ ಇದು ತಿರುವುಮುರುವಾಗಿರುತ್ತದೆ. ಫಲಾನುಭವಿಯ ಪಾಸ್ ಪುಸ್ತಕ ಊರಿಗೆಲ್ಲ ಕಾಣುತ್ತದೆ, ಕಾಮಗಾರಿಯ ಬಿಲ್ಲು ಮಾತ್ರ ಕಾಣುವುದಿಲ್ಲ.

ಡಿಜಿಟಲ್ ಸಹಿ: ಕೀಲಿ ಯಾರ ಕೈಯಲ್ಲಿ?

ಈ ಎಲ್ಲದರಲ್ಲಿ ಸದಸ್ಯರು, ವಿಶೇಷವಾಗಿ ಅಧ್ಯಕ್ಷರು, ಅತ್ಯಂತ ಗಂಭೀರವಾಗಿ ಪರಿಗಣಿಸಬೇಕಾದುದು ಡಿಜಿಟಲ್ ಸಹಿಯ ವಿಷಯ. ಮಾಹಿತಿ ತಂತ್ರಜ್ಞಾನ ಅಧಿನಿಯಮ, 2000ದ ಪ್ರಕಾರ ಡಿಜಿಟಲ್ ಸಹಿಗೆ ಕೈಬರಹದ ಸಹಿಯಷ್ಟೇ ಮಾನ್ಯತೆಯಿದೆ. ಅದೇ ಅಧಿನಿಯಮದ 42ನೇ ಪ್ರಕರಣವು ಆ ಸಹಿಯ ಕೀಲಿಯನ್ನು ತನ್ನ ಹತೋಟಿಯಲ್ಲಿ ಎಚ್ಚರದಿಂದ ಇಟ್ಟುಕೊಳ್ಳುವ ಕರ್ತವ್ಯವನ್ನು ಸಹಿದಾರರ ಮೇಲೆಯೇ ವಿಧಿಸಿದೆ. ಕಂಪನಿಗಳಲ್ಲಿ ತನ್ನ ಪಾಸ್‌ವರ್ಡನ್ನು ಇನ್ನೊಬ್ಬರಿಗೆ ಕೊಟ್ಟ ನೌಕರ ಶಿಸ್ತು ಕ್ರಮಕ್ಕೆ ಒಳಗಾಗುತ್ತಾನೆ. ಪಂಚಾಯತಿಯ ಅಧ್ಯಕ್ಷರ ಡಾಂಗಲ್ ಕಚೇರಿಯ ಮೇಜಿನ ಡ್ರಾವರಿನಲ್ಲಿದ್ದರೆ, ಪಾಸ್‌ವರ್ಡ್ ಅದರ ಮೇಲಿನ ಚೀಟಿಯಲ್ಲಿದ್ದರೆ, ಅಥವಾ ಮನೆಯ ಪುರುಷರ ಜೇಬಿನಲ್ಲಿದ್ದರೆ, ಹಣ ಯಾರು ಪಾವತಿಸಿದರೂ ಉತ್ತರಿಸಬೇಕಾದವರು ಅಧ್ಯಕ್ಷರೇ. ಲೆಕ್ಕ ಪರಿಶೋಧನೆಯಲ್ಲಿ ‘ಗೊತ್ತಿರಲಿಲ್ಲ’ ಎಂಬ ಸಮಜಾಯಿಷಿ ನಿಲ್ಲುವುದಿಲ್ಲ.

ಕರ್ನಾಟಕದಲ್ಲಿ ಪಂಚಾಯತಿ ಸ್ಥಾನಗಳಲ್ಲಿ ಕನಿಷ್ಠ ಶೇ. 50ರಷ್ಟು ಮಹಿಳೆಯರಿಗೆ ಮೀಸಲಾಗಿವೆ. ಕುರ್ಚಿಯ ಮೇಲೆ ಹೆಸರು ಬರೆದ ಮಾತ್ರಕ್ಕೆ ಅಧಿಕಾರ ಕೈಗೆ ಬರುವುದಿಲ್ಲ. ಇಂದಿನ ಆಡಳಿತದಲ್ಲಿ ಅಧಿಕಾರವು ಬೆರಳಷ್ಟು ಗಾತ್ರದ ಆ ಡಾಂಗಲ್‌ನಲ್ಲಿದೆ. ಅದನ್ನು ತಾವೇ ಇಟ್ಟುಕೊಂಡು, ಪರದೆಯ ಮೇಲಿರುವ ಮೊತ್ತ, ಕಾಮಗಾರಿಯ ಹೆಸರು, ಪಾವತಿ ಪಡೆಯುವವರ ಹೆಸರು ಈ ಮೂರನ್ನು ಓದಿಸಿಕೊಂಡಾದರೂ ತಿಳಿದು, ಆ ಬಳಿಕ ಸಹಿ ಮಾಡುವುದು ಪ್ರತಿ ಅಧ್ಯಕ್ಷೆಯ ಹಕ್ಕು ಮತ್ತು ಕರ್ತವ್ಯ. ಓದು ಬಾರದಿರುವುದು ಇದಕ್ಕೆ ಅಡ್ಡಿಯಲ್ಲ; ಕೇಳದಿರುವುದು ಮಾತ್ರ ಅಡ್ಡಿ.

ಮುಂದಿನ ಸಾಮಾನ್ಯ ಸಭೆಯಲ್ಲಿ ಕೈಗೊಳ್ಳಬಹುದಾದ ಕ್ರಮಗಳು

1. ಪಂಚಾಯತಿಯು ಬಳಸುತ್ತಿರುವ ಎಲ್ಲ ತಂತ್ರಾಂಶಗಳ ಪಟ್ಟಿ, ಪ್ರತಿಯೊಂದರ ಲಾಗಿನ್ ಯಾವ ಹುದ್ದೆಯವರ ಬಳಿ ಇದೆ ಎಂಬ ವಿವರದೊಂದಿಗೆ, ಸಭೆಯ ಮುಂದೆ ಮಂಡನೆಯಾಗಲಿ.

2. ಡಿಜಿಟಲ್ ಸಹಿಯ ಕೀಲಿಗಳು ಆಯಾ ಸಹಿದಾರರ ವಶದಲ್ಲಿಯೇ ಇವೆಯೆಂದು ದೃಢಪಡಿಸಿಕೊಂಡು ನಡಾವಳಿಯಲ್ಲಿ ದಾಖಲಿಸಲಿ. ವರ್ಗವಾದ ಅಥವಾ ಕೆಲಸ ಬಿಟ್ಟವರ ಲಾಗಿನ್ ರದ್ದುಪಡಿಸಲಿ.

3. ಹಿಂದಿನ ಸಭೆಯ ನಡಾವಳಿಯನ್ನು ತಂತ್ರಾಂಶದಿಂದಲೇ ತೆರೆದು ಓದಲಿ. ಸಭೆಯಲ್ಲಿ ಆಡಿದ್ದಕ್ಕೂ ದಾಖಲಾಗಿದ್ದಕ್ಕೂ ವ್ಯತ್ಯಾಸವಿದ್ದರೆ ಅಲ್ಲಿಯೇ ಆಕ್ಷೇಪಣೆ ಎತ್ತಲಿ.

4. ಪ್ರತಿ ಸದಸ್ಯರೂ ತಮ್ಮ ವಾರ್ಡಿನ ಹತ್ತು ಆಸ್ತಿಗಳ ನಮೂದನ್ನು ಮುದ್ರಿಸಿ ಪಡೆದು, ಮನೆ ಮನೆಗೆ ಹೋಗಿ ತಾಳೆ ನೋಡಿ, ತಪ್ಪುಗಳನ್ನು ಬರವಣಿಗೆಯಲ್ಲಿ ಕೊಡಲಿ.

5. ಸೇವಾ ಕೇಂದ್ರದ ಕಿಟಕಿಯಲ್ಲಿ ‘ಉತ್ತರ ದೊರೆಯದ ಪ್ರಶ್ನೆಗಳ ಪುಸ್ತಕ’ ಇಡಲಿ. ಪ್ರತಿ ಸಭೆಯಲ್ಲಿ ಅದನ್ನು ಓದಲಿ. ಅರ್ಜಿ ಕೊಟ್ಟವರಿಗೆ ಸ್ವೀಕೃತಿ ಸಂಖ್ಯೆ ತಪ್ಪದೆ ದೊರೆಯಲಿ.

6. ನೀರು, ಬೀದಿದೀಪ, ಚರಂಡಿಗಳ ನಕ್ಷೆಯನ್ನು ಹಿರಿಯ ಸಿಬ್ಬಂದಿಯಿಂದ ಹೇಳಿಸಿ ಬರೆಯಿಸಿ, ಕಚೇರಿಯ ದಾಖಲೆಯಾಗಿ ಉಳಿಸಲಿ.

ಇವುಗಳಲ್ಲಿ ಯಾವುದಕ್ಕೂ ಹೊಸ ಅನುದಾನ ಬೇಕಾಗಿಲ್ಲ, ಹೊಸ ಯಂತ್ರವೂ ಬೇಕಾಗಿಲ್ಲ.

ಮಾನ್ಯ ಸದಸ್ಯರೇ, ಆಂತರಿಕ ಜಾಲವನ್ನು ಕಟ್ಟಿದವರು ತಂತ್ರಜ್ಞರಾದರೂ ಅದನ್ನು ಸತ್ಯವಾಗಿ ಉಳಿಸುವವರು ಪ್ರತಿದಿನ ಬಳಸುವವರು. ಸದಸ್ಯರು ನೋಡದ ದಾಖಲೆಯನ್ನು ಬೇರೊಬ್ಬರು ಬರೆಯುತ್ತಾರೆ; ಸದಸ್ಯರ ಹೆಸರಿನಲ್ಲಿಯೇ ಬರೆಯುತ್ತಾರೆ. ಬಾಗಿಲಲ್ಲಿ ನಿಂತ ಆ ವೃದ್ಧೆ ಮುಂದಿನ ಬಾರಿ ಬಂದಾಗ, “ಛಾವಣಿ ಹಂತದ ಫೋಟೋ ಇನ್ನೂ ಏರಿಲ್ಲ ಯವ್ವಾ, ಸೋಮವಾರ ನಾನೇ ಜೊತೆಗೆ ಬಂದು ತೆಗೆಸ್ತೀನಿ” ಎಂದು ವಾರ್ಡಿನ ಸದಸ್ಯರು ಉತ್ತರಿಸುವಂತಾದರೆ, ಇಂಟ್ರಾನೆಟ್ ಎಂಬ ಈ ಪರದೇಶದ ಪದ ಗ್ರಾಮ ಪಂಚಾಯತಿಯಲ್ಲಿ ಸಾರ್ಥಕವಾಯಿತೆಂದು ತಿಳಿಯಬಹುದು.